ಗ್ರಾಫಿಕ್ಸ್ ಕಲಿಯಲು ಯಾವ ಭಾಷೆ? ಮೊದಲು ಒಂದು ತ್ರಿಕೋನ ಬರೆಯಿರಿ

ಪರದೆಯ ಮೇಲೆ ಚಿತ್ರ ಮೂಡಿಸುವ ನಮ್ಮ ರೆಂಡರಿಂಗ್ ತಂಡಕ್ಕೆ ಹೊಸದಾಗಿ ಸೇರಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಸಿ ಪ್ಲಸ್ ಪ್ಲಸ್ ಹಿಡಿಯಬೇಕೇ, ರಸ್ಟ್ ಕಲಿಯಬೇಕೇ, ಪೈಥಾನ್ ಸಾಕೇ? ನಾನು ಒಂದು ಕೆಲಸ ಕೊಡುತ್ತೇನೆ. ನಿಮ್ಮ ಕೈಗೆ ಪಳಗಿದ ಭಾಷೆಯಲ್ಲೇ, ಯಾವ ಗ್ರಾಫಿಕ್ಸ್ ಲೈಬ್ರರಿಯನ್ನೂ ಮುಟ್ಟದೆ, ಬಣ್ಣ ತುಂಬಿದ ತ್ರಿಕೋನವೊಂದನ್ನು ಪಿಪಿಎಂ ಕಡತವಾಗಿ ಬರೆದು ತನ್ನಿ. ಪಿಪಿಎಂ ಬಹಳ ಸರಳ: ಮೇಲೆ ಚಿತ್ರದ ಅಳತೆ, ಕೆಳಗೆ ಕೆಂಪು, ಹಸಿರು, ನೀಲಿಯ ಸಂಖ್ಯೆಗಳು.

ಪ್ರತಿ ಪಿಕ್ಸೆಲ್ ಮೂರೂ ಅಂಚುಗಳ ಒಳಬದಿಗಿದೆಯೇ ಎಂದು ಲೆಕ್ಕ ಹಾಕಿದರೆ ತ್ರಿಕೋನ ಮೂಡುತ್ತದೆ. ಅದೇ ಲೆಕ್ಕ ಮೂರು ತುದಿಗಳ ಬಣ್ಣ ಬೆರೆಸುವುದಕ್ಕೂ ಒದಗುತ್ತದೆ. ಇದು ಹೊಳೆದಾಗ ಹುಡುಗರ ಮುಖ ಅರಳುವುದನ್ನು ನೋಡಬೇಕು. ಪೈಥಾನ್‌ನಲ್ಲಿ ಬರೆದವರು ಚಿತ್ರಕ್ಕಾಗಿ ಕಾಯಬೇಕಾಗುತ್ತದೆ. ಆ ಕಾಯುವಿಕೆಯೂ ಪಾಠವೇ. 1920×1080 ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ 12 ಕೋಟಿ 44 ಲಕ್ಷ ಪಿಕ್ಸೆಲ್‌ಗಳಿಗೆ ಬಣ್ಣ ಹಚ್ಚಬೇಕು. ಒಂದೇ ಕ್ರಿಯೆಯನ್ನು ಸಾವಿರಾರು ಪಿಕ್ಸೆಲ್‌ಗಳ ಮೇಲೆ ಒಟ್ಟಿಗೆ ನಡೆಸುವ ಗ್ರಾಫಿಕ್ಸ್ ಚಿಪ್, ಅಂದರೆ ಜಿಪಿಯು, ಏಕೆ ಬೇಕಾಯಿತೆಂದು ಆಗ ಯಾರೂ ವಿವರಿಸಬೇಕಾಗುವುದಿಲ್ಲ.

ಆಮೇಲೆ ವೆಬ್‌ಜಿಎಲ್, ಅಂದರೆ ಬ್ರೌಸರ್‌ನಲ್ಲೇ ಜಿಪಿಯು ಬಳಸಿ ಚಿತ್ರ ಬಿಡಿಸುವ ವ್ಯವಸ್ಥೆ. ಬ್ರೌಸರ್ ಒಂದಿದ್ದರೆ ಸಾಕು. ಜಾವಾಸ್ಕ್ರಿಪ್ಟ್ ದತ್ತಾಂಶವನ್ನು ಒಪ್ಪಿಸಿ ಬದಿಗೆ ಸರಿಯುತ್ತದೆ, ಪಿಕ್ಸೆಲ್‌ನ ಬಣ್ಣ ನಿರ್ಧಾರವಾಗುವುದು ಜಿಪಿಯುವಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ ಆದ ಶೇಡರ್‌ನಲ್ಲಿ. ಅದನ್ನು ಬರೆಯುವ ಭಾಷೆ ಜಿಎಲ್‌ಎಸ್‌ಎಲ್. ಕಲಿಯಬೇಕಾದ ನಿಜವಾದ ಭಾಷೆ ಅದು ಎಂದೇ ನನ್ನ ನಂಬಿಕೆ. ಅದು ಬಂದವರಿಗೆ ಅದರಂಥದ್ದೇ ಇನ್ನೊಂದು ಶೇಡರ್ ಭಾಷೆಯಾದ ಎಚ್‌ಎಲ್‌ಎಸ್‌ಎಲ್ ಕಷ್ಟವಾಗುವುದಿಲ್ಲ. 2016ರಲ್ಲಿ ಬಂದ ವಲ್ಕನ್ ಎಂಬ ಗ್ರಾಫಿಕ್ಸ್ ಇಂಟರ್‌ಫೇಸ್‌ನಿಂದ ಆರಂಭಿಸಬೇಡಿ ಎಂದು ಮಾತ್ರ ಖಂಡಿತವಾಗಿ ಹೇಳುತ್ತೇನೆ. ಅಲ್ಲಿ ಮೊದಲ ತ್ರಿಕೋನಕ್ಕೇ ಸಾವಿರದಷ್ಟು ಸಾಲು ಬರೆಯಬೇಕಾಗುತ್ತದೆ.

ಸಿ ಪ್ಲಸ್ ಪ್ಲಸ್‌ನ ಸರದಿ ಮೆಮೊರಿಯ ಪ್ರಶ್ನೆ ಎದುರಾದಾಗ ಬರುತ್ತದೆ. ತಂಡದ ಹುಡುಗಿಯೊಬ್ಬಳು ಹಲವು ದೀಪಗಳ ಬಣ್ಣವನ್ನು ಶೇಡರ್‌ಗೆ ಕಳಿಸಿದ್ದಳು. ಮೊದಲ ದೀಪ ಸರಿಯಾಗಿತ್ತು, ಉಳಿದವುಗಳ ಬಣ್ಣ ಅದಲುಬದಲಾಗಿತ್ತು. ಅವಳ ಕೋಡ್‌ನಲ್ಲಿ ಒಂದು ಬಣ್ಣಕ್ಕೆ ಮೂರು ಫ್ಲೋಟ್ (ದಶಮಾಂಶ ಸಂಖ್ಯೆ), ಅಂದರೆ 12 ಬೈಟ್. ಆದರೆ ಶೇಡರ್‌ಗೆ ಕಳಿಸುವ ದತ್ತಾಂಶವನ್ನು ಮೆಮೊರಿಯಲ್ಲಿ ಜೋಡಿಸುವ ಎಸ್‌ಟಿಡಿ140 ನಿಯಮದಂತೆ ಶೇಡರ್ ಸರಣಿಯಲ್ಲಿ ಪ್ರತಿ ಬಣ್ಣವೂ 16 ಬೈಟ್‌ಗೊಮ್ಮೆ ಶುರುವಾಗಬೇಕು. ಒಂದೊಂದು ದೀಪಕ್ಕೂ ನಾಲ್ಕು ಬೈಟ್ ಜಾರುತ್ತಾ ಹೋಗಿತ್ತು. ಬೈಟ್‌ಗಳ ಸಾಲನ್ನು ಕಾಗದದ ಮೇಲೆ ಬರೆದು ಅದನ್ನು ಅವಳೇ ಹಿಡಿದಳು.

ರಸ್ಟ್ ಬಲ್ಲವರು ಅದರಲ್ಲೇ ಕಲಿಯಲಿ, ನನ್ನ ತಕರಾರಿಲ್ಲ. ಆದರೆ ನಮ್ಮ ಎಂಜಿನ್, ಅಂದರೆ ಚಿತ್ರ ಮೂಡಿಸುವ ತಂತ್ರಾಂಶ, ಸಿ ಪ್ಲಸ್ ಪ್ಲಸ್‌ನಲ್ಲಿದೆ. ಕೆಲಸ ಶುರುವಾದ ಮೇಲೆ ಅವರೂ ಅದನ್ನೇ ತೆರೆಯಬೇಕಾಗುತ್ತದೆ.