ಮೊಲದ ಮರಿಗಳ ಮೊದಲ ಮೂರು ವಾರ

ಪಾಂಡವಪುರ, ಶ್ರೀರಂಗಪಟ್ಟಣದ ಸುತ್ತ ಹಿತ್ತಲಿನಲ್ಲಿ ಮೊಲ ಸಾಕಬೇಕೆಂದು ಮನಸ್ಸು ಮಾಡಿದವರು ನಮ್ಮ ಮನೆಗೆ ಬಂದಾಗ ಮೊದಲು ಕೇಳುವುದು ತಳಿಯ ವಿಚಾರ. ನ್ಯೂಜಿಲೆಂಡ್ ವೈಟ್ ತರಬೇಕೋ, ಸೋವಿಯತ್ ಚಿಂಚಿಲ್ಲಾ ತರಬೇಕೋ ಎಂದು ಬಹಳ ಹೊತ್ತು ಚರ್ಚಿಸುತ್ತಾರೆ. ಯಾವ ತಳಿಯಾದರೂ ಆಗಬಹುದು. ಮೊಲ ಸಾಕಣೆ ಕೈಹಿಡಿಯುತ್ತದೆಯೋ ಇಲ್ಲವೋ ಎಂಬುದು ಮರಿ ಹುಟ್ಟಿದ ಮೇಲಿನ ಮೊದಲ ಮೂರು ವಾರಗಳಲ್ಲಿ ತೀರ್ಮಾನವಾಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಆದ್ದರಿಂದ ಗೂಡು ಮತ್ತು ಹಾಲಿನ ವಿಷಯವನ್ನೇ ಇಲ್ಲಿ ಹೆಚ್ಚಾಗಿ ಬರೆಯುತ್ತಿದ್ದೇನೆ.

ಜೋಡಿ ಮಾಡಿಸುವುದು ಕಷ್ಟದ ಕೆಲಸವಲ್ಲ. ಹಸು, ಎಮ್ಮೆಗಳಿಗಿರುವಂತೆ ಇಂತಿಷ್ಟು ದಿನಕ್ಕೊಮ್ಮೆ ಬೆದೆಗೆ ಬರುವ ಲೆಕ್ಕ ಮೊಲಕ್ಕಿಲ್ಲ. ಗಂಡಿನೊಡನೆ ಕೂಡಿದ ಸುಮಾರು 10 ಗಂಟೆಗಳ ನಂತರ ಅಂಡಾಣು ಬಿಡುಗಡೆಯಾಗುತ್ತದೆ. ಐದಾರು ತಿಂಗಳು ತುಂಬಿದ, ಮೈಕಟ್ಟು ಚೆನ್ನಾಗಿರುವ ಹೆಣ್ಣನ್ನು ಗಂಡಿನ ಬೋನಿಗೆ ಒಯ್ದು ಬಿಡಬೇಕು. ಗಂಡನ್ನೇ ಹೆಣ್ಣಿನ ಬೋನಿಗೆ ಬಿಟ್ಟರೆ, ತನ್ನ ಜಾಗಕ್ಕೆ ಬಂದ ಅದನ್ನು ಹೆಣ್ಣು ಕಚ್ಚಿ ಅಟ್ಟುವುದುಂಟು. 12ರಿಂದ 14ನೆಯ ದಿನದ ಹೊತ್ತಿಗೆ, ಹೊಟ್ಟೆಯ ಕೆಳಭಾಗವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಗುರವಾಗಿ ಹಿಡಿದು ಸವರಿದರೆ, ಗಬ್ಬ ನಿಂತಿದ್ದಲ್ಲಿ ಗೋಲಿಯಷ್ಟು ದಪ್ಪದ ಮೆತ್ತನೆಯ ಉಂಡೆಗಳು ಸಾಲಾಗಿ ಕೈಗೆ ಸಿಗುತ್ತವೆ. ಕರುಳಿನಲ್ಲಿರುವ ಹಿಕ್ಕೆ ಇದಕ್ಕಿಂತ ಸಣ್ಣದು, ಗಟ್ಟಿಯಾದದ್ದು. ಕೆಲವು ಹೆಣ್ಣುಗಳು ಗಬ್ಬ ನಿಲ್ಲದಿದ್ದರೂ ನಿಂತಂತೆ ವರ್ತಿಸಿ, 17-18ನೆಯ ದಿನಕ್ಕೇ ಮೈಯ ತುಪ್ಪಳ ಕಿತ್ತು ಗೂಡು ಕಟ್ಟತೊಡಗುತ್ತವೆ. ಜೋಡಿ ಮಾಡಿದ ದಿನಾಂಕವನ್ನು ಬೋನಿಗೆ ತೂಗುಹಾಕಿದ ಚೀಟಿಯಲ್ಲಿ ಬರೆದಿಟ್ಟರೆ ಈ ಗೊಂದಲವಿರುವುದಿಲ್ಲ.

ಮೊಲ ಮರಿ ಹಾಕುವುದು ಸುಮಾರು 31 ದಿನಕ್ಕೆ. 27 ಅಥವಾ 28ನೆಯ ದಿನ ಗೂಡುಪೆಟ್ಟಿಗೆಯನ್ನು ಬೋನಿನೊಳಗೆ ಇಡಬೇಕು. ಅದಕ್ಕಿಂತ ಬಹಳ ಮೊದಲೇ ಇಟ್ಟರೆ ತಾಯಿ ಅದರಲ್ಲಿ ಹಿಕ್ಕೆ ಹಾಕಿ ಒದ್ದೆ ಮಾಡುತ್ತದೆ. ತಡವಾದರೆ ಮರಿಗಳು ಬರಿಯ ತಂತಿಬಲೆಯ ಮೇಲೆ ಹುಟ್ಟಿ, ಬೆಳಗಾಗುವುದರೊಳಗೆ ಚಳಿಗೆ ಸತ್ತುಹೋಗುತ್ತವೆ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲದ ಮರದ ಪೆಟ್ಟಿಗೆ ಸಾಕು. ತಾಯಿ ಒಳಗೆ ತಿರುಗಿಕೊಳ್ಳುವಷ್ಟು ಜಾಗವಿರಬೇಕೇ ಹೊರತು ಅದು ಮಲಗುವ ಮನೆಯಾಗಬಾರದು. ನೀರು ಇಂಗಿ ಹೋಗಲು ತಳದಲ್ಲಿ ಸಣ್ಣ ತೂತುಗಳಿರಬೇಕು. ನಾಲೆಯ ನೀರಿನ ನಮ್ಮ ಊರುಗಳಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ಅದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಗೇಣುದ್ದಕ್ಕೆ ಕತ್ತರಿಸಿ ಹಾಸಿದರೆ ತಾಯಿಯೇ ನಡುವೆ ಗುಳಿ ಮಾಡಿಕೊಂಡು, ಎದೆ ಮತ್ತು ಹೊಟ್ಟೆಯ ತುಪ್ಪಳವನ್ನು ಬಾಯಿಂದ ಕಿತ್ತು ಹೊದಿಸುತ್ತದೆ. ಕಿತ್ತ ತುಪ್ಪಳದಿಂದ ಗೂಡು ಬೆಚ್ಚಗಾಗುವುದರ ಜೊತೆಗೆ ಮೊಲೆಗಳ ಸುತ್ತಲಿನ ಚರ್ಮ ತೆರೆದುಕೊಂಡು ಮರಿಗಳಿಗೆ ಹಾಲು ಕುಡಿಯುವುದು ಸುಲಭವಾಗುತ್ತದೆ.

ಹುಟ್ಟಿದ ಮರಿಯ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಕಿವಿ ಕೇಳಿಸುವುದಿಲ್ಲ. ತೂಕ ಸುಮಾರು 50 ಗ್ರಾಂ. ಗದ್ದೆಯ ಬದಿಯಲ್ಲಿ, ಕಬ್ಬಿನ ತೋಟದಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಕಾಡುಮೊಲದ ಮರಿಯಾದರೋ ಮೈತುಂಬ ಕೂದಲಿನೊಂದಿಗೆ, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಅದು ಬೇರೆಯೇ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಅನಾಥವೆಂದು ಕರುಣೆಯಿಂದ ಅದನ್ನು ಮನೆಗೆ ತರುವವರಿಗೆ ಹೇಳಬೇಕಾದದ್ದು ಒಂದೇ: ತಾಯಿ ಹತ್ತಿರದಲ್ಲೇ ಇರುತ್ತದೆ, ದಯವಿಟ್ಟು ಅಲ್ಲಿಯೇ ಬಿಡಿ.

ಸಾಕಿದ ಮೊಲವೂ ಮರಿಗಳ ಬಳಿ ಸದಾ ಕೂತಿರುವುದಿಲ್ಲ. ದಿನಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ ಗೂಡಿಗೆ ಹೋಗಿ, ಮೂರು ನಾಲ್ಕು ನಿಮಿಷದಲ್ಲಿ ಹಾಲು ಕೊಟ್ಟು ಹೊರಬರುತ್ತದೆ. ಹೊಸಬರು ಇದನ್ನು ಕಂಡು ತಾಯಿ ಮರಿಗಳನ್ನು ಕೈಬಿಟ್ಟಿತೆಂದು ಗಾಬರಿಯಾಗಿ ಹಸುವಿನ ಹಾಲನ್ನು ಹನಿಸಲು ಮುಂದಾಗುತ್ತಾರೆ. ಇದರಿಂದ ಆಗುವ ಹಾನಿಯನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೊಲದ ಹಾಲಿನಲ್ಲಿ ಹಸುವಿನ ಹಾಲಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಪ್ರೋಟೀನ್ ಇದೆ. ಅಷ್ಟು ಗಟ್ಟಿಯಾದ ಹಾಲಾದ್ದರಿಂದಲೇ ಒಂದು ಸಲದ ಊಟ ಇಡೀ ದಿನಕ್ಕೆ ಸಾಲುತ್ತದೆ. ಮರಿಗಳಿಗೆ ಹಾಲು ಸಿಕ್ಕಿದೆಯೇ ಎಂದು ತಿಳಿಯಲು ಬೆಳಿಗ್ಗೆ ತುಪ್ಪಳವನ್ನು ಮೆಲ್ಲನೆ ಸರಿಸಿ ನೋಡಬೇಕು. ಹೊಟ್ಟೆ ತುಂಬಿದ ಮರಿಯ ಚರ್ಮ ಬಿಗಿಯಾಗಿರುತ್ತದೆ, ತೆಳುವಾದ ಆ ಚರ್ಮದ ಮೂಲಕ ಒಳಗಿನ ಹಾಲು ಬೆಳ್ಳಗೆ ಕಾಣುತ್ತದೆ. ಹಸಿದ ಮರಿಯ ಹೊಟ್ಟೆ ಒಳಕ್ಕೆ ಹೋಗಿ, ಪಕ್ಕೆಯ ಚರ್ಮ ಸುಕ್ಕುಗಟ್ಟಿರುತ್ತದೆ. ಕೈ ತಾಗಿದರೂ ಸಾಕು, ತಲೆಯೆತ್ತಿ ತಡಕಾಡುತ್ತದೆ. ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ತಿಂದುಬಿಡುತ್ತದೆ ಎಂಬ ಮಾತು ಊರುಗಳಲ್ಲಿ ಚಾಲ್ತಿಯಲ್ಲಿದೆ. ಕೈ ತೊಳೆದು, ತಾಯಿಯ ಬೋನಿನ ಹುಲ್ಲಿಗೇ ಕೈಯುಜ್ಜಿಕೊಂಡು ಮುಟ್ಟಿದರೆ ಏನೂ ಆಗುವುದಿಲ್ಲ. ದಿನವೂ ನೋಡದೆ ಬಿಟ್ಟರೆ ಸತ್ತ ಮರಿಯೊಂದು ಗೂಡಿನಲ್ಲೇ ಕೊಳೆತು ಉಳಿದವಕ್ಕೂ ಸೋಂಕು ತಗಲುವುದು ಅದಕ್ಕಿಂತ ದೊಡ್ಡ ಅಪಾಯ.

ಹಾಲು ಕುಡಿಯುತ್ತಿರುವಾಗ ತಾಯಿ ಥಟ್ಟನೆ ಎದ್ದರೆ ಮೊಲೆ ಕಚ್ಚಿಕೊಂಡ ಮರಿ ಹೊರಗೆ ಬಂದು ಬೀಳುತ್ತದೆ. ಬೆಕ್ಕಿನಂತೆ ಕಚ್ಚಿಕೊಂಡು ಹೋಗಿ ಗೂಡಿಗೆ ಸೇರಿಸುವುದು ಮೊಲಕ್ಕೆ ತಿಳಿಯದು. ತಣ್ಣಗಾದ ಮರಿಯನ್ನು ಅಂಗೈಯಲ್ಲಿಟ್ಟು ನಿಧಾನವಾಗಿ ಬೆಚ್ಚಗಾಗಿಸಿ, ಅದು ಅಲುಗಾಡತೊಡಗಿದ ಮೇಲೆ ಉಳಿದ ಮರಿಗಳ ನಡುವೆ ಸೇರಿಸಬೇಕು. ಒಂದು ತಾಯಿಗೆ ಮರಿ ಹೆಚ್ಚಾಗಿ ಇನ್ನೊಂದಕ್ಕೆ ಕಡಿಮೆಯಿದ್ದರೆ, ಎರಡು ಮೂರು ದಿನಗಳ ಅಂತರದಲ್ಲಿ ಹುಟ್ಟಿದವನ್ನು ಹಂಚಿ ಹಾಕಬಹುದು. ಇದಕ್ಕಾಗಿಯೇ ಎರಡು ಹೆಣ್ಣುಗಳನ್ನು ಒಂದೇ ದಿನ ಜೋಡಿ ಮಾಡುವುದು ಜಾಣತನ. ಇರುವೆಗಳು ಎಳೆ ಮರಿಗಳನ್ನು ಜೀವಂತ ತಿನ್ನುವುದರಿಂದ ಬೋನಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡಲೇಬೇಕು. ಹೆಗ್ಗಣ, ಕೇರೆ ಹಾವುಗಳಿಗಾಗಿ ಬಲೆಯ ಕಣ್ಣು ಸಣ್ಣದಾಗಿರಬೇಕು.

ವಾರದೊಳಗೆ ಮರಿಯ ತೂಕ ಎರಡರಷ್ಟಾಗುತ್ತದೆ. 10ರಿಂದ 12 ದಿನಕ್ಕೆ ಕಣ್ಣು ಬಿಡುತ್ತವೆ. ಕೀವು ಕಟ್ಟಿ ಅಂಟಿಕೊಂಡಿದ್ದರೆ ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಮೂರನೆಯ ವಾರ ಗೂಡಿನಿಂದ ಹೊರಬಂದು ತಾಯಿಯ ಮೇವಿಗೆ ಬಾಯಿ ಹಾಕತೊಡಗುತ್ತವೆ.

ಇಲ್ಲಿ ನಮ್ಮ ಸೀಮೆಗೆ ಒಂದು ಅನುಕೂಲವಿದೆ. ರೇಷ್ಮೆ ಬೆಳೆಯುವ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಇದ್ದೇ ಇರುತ್ತದೆ, ಅದರಲ್ಲೂ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ರೂಪಿಸಿದ ವಿ-1 ತಳಿಯ ಅಗಲವಾದ ಎಲೆಗಳು. ಈ ಸೊಪ್ಪನ್ನು ಮೊಲಗಳು ಬಹಳ ಇಷ್ಟಪಟ್ಟು ತಿನ್ನುತ್ತವೆ, ಅದರಲ್ಲಿ ಪ್ರೋಟೀನೂ ಚೆನ್ನಾಗಿದೆ. ಹುಳು ತಿಂದು ಬಿಟ್ಟ ಕಸವನ್ನು ಮಾತ್ರ ಎಂದೂ ಹಾಕಬಾರದು. ಅದರಲ್ಲಿ ಹುಳುವಿನ ಹಿಕ್ಕೆಯ ಜೊತೆಗೆ ಹಾಸಿಗೆಗೆ ಎರಚಿದ ಸುಣ್ಣ, ಸೋಂಕುನಿವಾರಕ ಪುಡಿ ಬೆರೆತಿರುತ್ತದೆ. ಔಷಧಿ ಹೊಡೆದ ತೋಟದ ಸೊಪ್ಪೂ ಬೇಡ. ಕೊಯ್ದ ಸೊಪ್ಪನ್ನು ನೆರಳಿನಲ್ಲಿ ಬಾಡಿಸಿ, ಜೊತೆಗೆ ಒಣಹುಲ್ಲನ್ನೂ ಇಟ್ಟರೆ ಮರಿಗಳಿಗೆ ಭೇದಿಯಾಗುವುದು ಕಡಿಮೆ.

ಐದು ವಾರವಾದ ಮೇಲೆ ಹಾಲು ಬಿಡಿಸುವಾಗ ತಾಯಿಯನ್ನು ಬೇರೆ ಬೋನಿಗೆ ಹಾಕಿ, ಮರಿಗಳನ್ನು ಹುಟ್ಟಿದ ಜಾಗದಲ್ಲೇ ಉಳಿಸುವುದು ಒಳ್ಳೆಯದು. ಆ ದಿನಗಳಲ್ಲಿ ಮೇವನ್ನು ಬದಲಿಸಬಾರದು, ನೆಲ ಒದ್ದೆಯಾಗಿರಬಾರದು. ಕಣ್ಣಿಗೆ ಕಾಣದ ಪರೋಪಜೀವಿಯಿಂದ ಬರುವ ಕಾಕ್ಸಿಡಿಯೋಸಿಸ್ ಎಂಬ ರೋಗ ಹೆಚ್ಚಾಗಿ ಮರಿಗಳನ್ನು ಬಲಿ ತೆಗೆದುಕೊಳ್ಳುವುದು ಈ ವಯಸ್ಸಿನಲ್ಲೇ. ಮರಿ ಹಾಕಿದ ಕೆಲವೇ ದಿನಗಳಲ್ಲಿ ತಾಯಿಯನ್ನು ಮತ್ತೆ ಜೋಡಿ ಮಾಡುವ ಪದ್ಧತಿ ದೊಡ್ಡ ಫಾರಂಗಳಲ್ಲಿದೆ; ಹಾಲೂಡಿಸುವ ಪ್ರಾಣಿಯ ಮೇಲೆ ಅಷ್ಟು ಭಾರ ಹೊರಿಸುವುದನ್ನು ನಾನು ಒಪ್ಪುವುದಿಲ್ಲ.

ಮಂಡ್ಯದ ಬೇಸಿಗೆ ಮೊಲಕ್ಕೆ ಬಹಳ ಕಠಿಣ. ಮೊಲ ಬೆವರುವುದಿಲ್ಲ, ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಗಳ ಮೂಲಕವೇ ಹೊರಹಾಕಬೇಕು. 30 ಡಿಗ್ರಿ ದಾಟಿದ ಬಿಸಿಲು ವಾರಗಟ್ಟಲೆ ಮುಂದುವರಿದರೆ ಗಂಡಿನ ವೀರ್ಯ ಕೆಡುತ್ತದೆ, ಹೊಸ ವೀರ್ಯ ತಯಾರಾಗಲು ಎರಡು ತಿಂಗಳು ಹಿಡಿಯುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ವರ್ಷದ ಕೊನೆಯ ಜೋಡಿಯನ್ನು ಸಂಕ್ರಾಂತಿಯೊಳಗೆ ಮುಗಿಸುತ್ತೇವೆ. ಫೆಬ್ರುವರಿ ನಡುವೆ ಹುಟ್ಟಿದ ಮರಿಗಳು ಬಿಸಿಲು ಏರುವ ಮೊದಲೇ ಹಾಲು ಬಿಟ್ಟಿರುತ್ತವೆ. ಜೂನ್‌ನಲ್ಲಿ ಮಳೆ ಬಂದು ತಂಪಾದರೂ ಅವಸರ ಮಾಡದೆ, ಆಷಾಢ ಕಳೆದ ಮೇಲೆಯೇ ಹೆಣ್ಣನ್ನು ಮತ್ತೆ ಗಂಡಿನ ಬೋನಿಗೆ ಬಿಡುತ್ತೇವೆ.