ಒಂದು ಸುತ್ತು ಜಾಸ್ತಿ

ಮಾಟುಂಗಾಕ್ಕೆ ಬಂದು ಹದಿನೈದು ವರ್ಷವಾಯಿತು. ಪಾರ್ಸಿ ಕಾಲನಿ ಪಕ್ಕದ ಫೈವ್ ಗಾರ್ಡನ್ಸ್‌ನಲ್ಲಿ ವಾಕಿಂಗ್ ಶುರು ಮಾಡಿದ್ದು ಮಾತ್ರ ಈ ವರ್ಷ, ಅದೂ ಡಾಕ್ಟರ್ ಬೈದ ಮೇಲೆ.

ಬೆಳಿಗ್ಗೆ ಆರಕ್ಕೆ ಇದು ಮುಂಬೈ ಅಂತ ಅನ್ನಿಸುವುದೇ ಇಲ್ಲ. ಹಾರ್ನ್ ಇಲ್ಲ, ಕಾಗೆಗಳದ್ದೇ ಗಲಾಟೆ. ಮಳೆಮರದ ಎಲೆಗಳು ರಾತ್ರಿ ಮಡಚಿಕೊಂಡಿರುತ್ತವೆ, ಬೆಳಕು ಬಂದ ಹಾಗೆ ಬಿಚ್ಚಿಕೊಳ್ಳುತ್ತವೆ. ಮೊದಲ ಸುತ್ತಿನಲ್ಲಿ ಕೊಂಬೆಗಳ ನಡುವೆ ಆಕಾಶ ಕಾಣುತ್ತದೆ. ನಾಲ್ಕನೇ ಸುತ್ತಿಗೆ ಅಲ್ಲೇ ಹಸಿರು ಚಪ್ಪರ. ಅದನ್ನು ನೋಡಲೆಂದೇ ಒಂದು ಸುತ್ತು ಜಾಸ್ತಿ ಹಾಕುತ್ತೇನೆ. ಮಂಡಿ ಒಪ್ಪುವುದಿಲ್ಲ, ಇರಲಿ.

ಬೆಂಚಿನ ಮೇಲೆ ಕುಂದಾಪುರ ಕಡೆಯ ಅಜ್ಜ ಒಬ್ಬರು ಕೂತಿರುತ್ತಾರೆ. ಅವರು ನಡೆಯುವುದಿಲ್ಲ, ಸುಮ್ನೆ ನಮ್ಮ ಹಾಜರಿ ತೆಗೆದುಕೊಳ್ಳುತ್ತಾರೆ.

“ನಿನ್ನೆ ಯಾಕೆ ಕಾಣಲಿಲ್ಲ ಮಾರಾಯ್ತಿ?”

“ಮಳೆ ಇತ್ತಲ್ಲ ಅಜ್ಜ.”

“ಮಳೆ ಅಂದ್ರೆ ನಮ್ಮೂರದ್ದು. ಇದೆಲ್ಲ ಬರೀ ಹನಿ!”

ಊರು ಬಿಟ್ಟು ಎಷ್ಟು ವರ್ಷವಾದರೂ ಮಳೆಯನ್ನು ಅಳೆಯುವ ಅಳತೆ ಮಾತ್ರ ಊರಿನದ್ದೇ, ಅಲ್ವಾ?

ವಾಪಸ್ ಬರುವಾಗ ಕೆಫೆ ಮದ್ರಾಸ್. 1940ರಿಂದ ಇರುವ ಜಾಗ, ಹಾಗೇ ದಾಟಿ ಹೋಗಲು ಮನಸ್ಸು ಬರುವುದಿಲ್ಲ. ಫಿಲ್ಟರ್ ಕಾಫಿ ಮಾತ್ರ ಅಂದುಕೊಂಡೇ ಒಳಗೆ ಹೋದೆ. ರಸಂ ವಡೆ ಹೇಗೆ ಬಂತೋ ಗೊತ್ತಿಲ್ಲ. ಡಾಕ್ಟರಿಗೆ ಯಾರೂ ಹೇಳಬೇಡಿ.