ತೇಗದ ಹಡಗು
ವಿರಾಜಪೇಟೆಯ ಸಮೀಪದ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಮಳೆಗಾಲಕ್ಕೆ ಮುನ್ನ ತೇಗದ ಕಂಬಗಳಿಗೆ ಎಣ್ಣೆ ಸವರುತ್ತಿದ್ದಾಗ, ತುಕ್ಕು ಹಿಡಿದ ಮೊಳೆಯೊಂದರ ಸುತ್ತ ಕಪ್ಪಾಗಿದ್ದರೂ ಮೆತ್ತಗಾಗದ ಮರವನ್ನು ಉಗುರಿನಿಂದ ಒತ್ತಿ ನೋಡಿದೆ. ‘ಸಕ್ಸೆಸ್’ ಎಂಬ ಹಾಯಿಹಡಗು ನೆನಪಾಯಿತು. 1840ರಲ್ಲಿ ಬರ್ಮಾದಲ್ಲಿ ತೇಗದಿಂದಲೇ ಕಟ್ಟಿದ ಈ ವ್ಯಾಪಾರಿ ಹಡಗು ಸರಕನ್ನೂ ಆಸ್ಟ್ರೇಲಿಯಾಕ್ಕೆ ವಲಸಿಗರನ್ನೂ ಸಾಗಿಸಿತು. 1852ರಲ್ಲಿ ಅದು ಮೆಲ್ಬರ್ನ್ ಬಳಿಯ ಪೋರ್ಟ್ ಫಿಲಿಪ್ ಕೊಲ್ಲಿಯನ್ನು ಮುಟ್ಟಿದಾಗ ನಾವಿಕರು ಅಲ್ಲಿ ಆಗಷ್ಟೇ ಸಿಕ್ಕಿದ್ದ ಚಿನ್ನದ ಆಸೆಗೆ ಹಡಗನ್ನೇ ಬಿಟ್ಟು ಓಡಿಹೋದರು. ನಡೆಸುವವರಿಲ್ಲದೆ ನಿಂತ ಅದನ್ನು ಅಲ್ಲಿನ ಸರ್ಕಾರ ಕೊಂಡು ತೇಲುವ ಸೆರೆಮನೆಯಾಗಿ ಮಾಡಿಕೊಂಡಿತು. 1892ರಲ್ಲಿ ಸಿಡ್ನಿಯಲ್ಲಿ ಮುಳುಗಿಸಲ್ಪಟ್ಟ ಹಡಗನ್ನು ಪ್ರದರ್ಶನದ ವ್ಯಾಪಾರಿಗಳು ಮತ್ತೆ ಮೇಲೆತ್ತಿ, ಇಂಗ್ಲೆಂಡಿನಿಂದ ಕೈದಿಗಳನ್ನು ಹೊತ್ತು ತಂದದ್ದು ಇದೇ ಎಂದೂ, ಕಟ್ಟಿದ್ದು 1790ರಲ್ಲಿ ಎಂದೂ ಹಸಿ ಸುಳ್ಳು ಹೇಳಿ, ಊರೂರಿಗೆ ಒಯ್ದು ಹಣ ಪಡೆದು ತೋರಿಸಿದರು. ಬದುಕಿನುದ್ದಕ್ಕೂ ದುಡಿದ ಹಡಗಿಗೆ ಅರ್ಧ ಶತಮಾನದ ವಯಸ್ಸನ್ನು ಪುಕ್ಕಟೆಯಾಗಿ ಸೇರಿಸಿದ ಆ ಜಾಣತನಕ್ಕೆ ನಗುವುದೋ ಮರುಗುವುದೋ ತಿಳಿಯದು. 1912ರಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕ ಸೇರಿದ ಅದು, ಕೊನೆಗೆ ಈರಿ ಸರೋವರದಲ್ಲಿ ತಳ ಕಚ್ಚಿ ನಿಂತಿದ್ದಾಗ, 1946ರ ಜುಲೈ 4ರಂದು ಸುಟ್ಟುಹೋಯಿತು. ನೂರಾಆರು ವರ್ಷ ನೀರಿಗೆ ಜಗ್ಗದಿದ್ದ ಮರವದು. ಎಣ್ಣೆ ಹೀರಿದ ಬಟ್ಟೆಯನ್ನು ಒಲೆಯ ಬದಿಯಲ್ಲಿ ಇಟ್ಟಿದ್ದೆ. ಎದ್ದು ಹೋಗಿ ದೂರ ಸರಿಸಿದೆ.